ಗಾಜಿನ ಮೇಲೆ ಹತ್ತಿಕೊಂಡ ಹಸಿರು

ಅಧ್ಯಕ್ಷತೆ ವಹಿಸಿರುವ ನಿರ್ದೇಶಕರೇ, ವೇದಿಕೆಯ ಗಣ್ಯರೇ, ಮೂವತ್ತೆರಡು ವರ್ಷ ನಮ್ಮ ಕ್ಯಾಂಟೀನಿನ ಚಹಾ ಕುಡಿದೂ ಬದುಕಿ ಉಳಿದಿರುವ ಸಭಿಕರೇ,

ನಿವೃತ್ತನಾಗುವವನು ಎರಡು ಮಾತಾಡಬೇಕಂತೆ. ನನಗೆ ಬರುವುದು ಒಂದೇ ಕೆಲಸ: ಬೆಳೆದ ಇಲಿಯ ಮಿದುಳನ್ನು ಕೂದಲಿಗಿಂತ ತೆಳ್ಳಗೆ ಹೆಚ್ಚುವುದು. ಆದರೂ ಈರುಳ್ಳಿ ಹೆಚ್ಚಲು ನನ್ನ ಹೆಂಡತಿ ನನ್ನನ್ನು ನಂಬುವುದಿಲ್ಲ.

ಆ ತೆಳು ಪದರದಲ್ಲಿ ಏನಿದೆ? ನರಕೋಶಗಳಿವೆ. ಅವುಗಳ ಮೈಮೇಲೆ ಗ್ರಾಹಕ ಪ್ರೋಟೀನುಗಳು ಕೈ ಚಾಚಿ ನಿಂತು, ಪಕ್ಕದ ಕೋಶ ಕಳಿಸಿದ ಸಂದೇಶವನ್ನು ಹಿಡಿದುಕೊಳ್ಳುತ್ತವೆ. ನಮ್ಮ ನೆನಪು, ಮಾತು, ನಿದ್ದೆ ಎಲ್ಲ ಆ ಹಿಡಿತದಲ್ಲಿ. ಹೊಳೆಯುವ ಬಣ್ಣ ಹಚ್ಚಿ ಕತ್ತಲೆ ಕೋಣೆಯಲ್ಲಿ ನೋಡಿದರೆ, ನೀರಿನಡಿಯ ಊರಿಗೆ ದೀಪ ಬಂದಂತೆ ಕಾಣುತ್ತದೆ. ಎಷ್ಟೋ ಮಧ್ಯಾಹ್ನ ಊಟ ಮರೆತು ಅಲ್ಲಿ ತಿರುಗಾಡಿದ್ದೇನೆ.

ನನ್ನ ತಂಗಿ ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಇಪ್ಪತ್ತಮೂರರ ವಯಸ್ಸಿನಲ್ಲಿ, ಒಂದೇ ವಾರದಲ್ಲಿ ಅವಳು ಬೇರೆಯವಳಾದಳು. ಗೋಡೆಯೊಡನೆ ಜಗಳವಾಡಿದಳು. ಅಮ್ಮನನ್ನು, "ಯಾರಮ್ಮ ನೀವು?" ಎಂದಳು. ಮನೋರೋಗದ ವಾರ್ಡಿಗೆ ಸೇರಿಸಿದರು. ಸೇರಿಸಿದರು ಎಂದೆನೇ? ಕ್ಷಮಿಸಿ, ಸೇರಿಸಿದವನು ನಾನು. ಕಾಗದದ ಮೇಲಿನ ಸಹಿ ನನ್ನದು.

ಆರನೆಯ ವಾರ ವಾರ್ಡಿನ ವೈದ್ಯೆ ಸಣ್ಣ ಶೀಸೆಯೊಂದನ್ನು ಕೈಗಿಟ್ಟು, "ಇವಳ ರಕ್ತದಲ್ಲೇ ಏನೋ ಇದೆ ಅಂತ ನಂಗನುಮಾನ. ನಿಮ್ಮ ಲ್ಯಾಬಲ್ಲಿ ನೋಡ್ತೀರಾ?" ಎಂದರು. ರಕ್ತದ ತಿಳಿಯನ್ನು ಗಾಜಿನ ಮೇಲಿಟ್ಟ ಇಲಿಯ ಮಿದುಳಿನ ಪದರಕ್ಕೆ ಬಿಟ್ಟು, ಬಣ್ಣ ಹಚ್ಚಿ, ಕಣ್ಣಿಟ್ಟೆ. ಆರೋಗ್ಯವಂತರ ರಕ್ತವಾದರೆ ಕತ್ತಲೆಯೇ ಇರಬೇಕು. ಇಡೀ ಪದರ ಹಸಿರಾಗಿ ಹತ್ತಿಕೊಂಡಿತು! ಅವಳ ಮೈ ಕಾಯಬೇಕಾದ ಪ್ರತಿಕಾಯಗಳೇ ಹೋಗಿ ಆ ಗ್ರಾಹಕಗಳಿಗೆ ಅಂಟಿಕೊಂಡು, ಅವುಗಳ ಹಿಡಿತ ತಪ್ಪಿಸುತ್ತಿದ್ದವು. ಅಷ್ಟು ಚೆಂದದ್ದನ್ನು ನಾನು ಮತ್ತೆಂದೂ ನೋಡಿಲ್ಲ. ಅಷ್ಟು ಅತ್ತದ್ದೂ ಇಲ್ಲ.

ಚಿಕಿತ್ಸೆ ನಡೆಯಿತು. ನಾಲ್ಕು ತಿಂಗಳಿಗೆ ಅಮ್ಮನನ್ನು ಅಮ್ಮ ಎಂದಳು. ಆದರೆ ಆ ಆರು ವಾರಗಳು ಅವಳಿಗೆ ಮರಳಿ ಸಿಗಲಿಲ್ಲ. "ಅಣ್ಣ, ಆಗ ನಾನು ಏನಂತಿದ್ದೆ?" ಎಂದು ಎಷ್ಟು ಸಲ ಕೇಳಿದ್ದಾಳೆ! "ಏನಿಲ್ಲ ಕಣೆ, ಸುಮ್ನೆ ಗುನುಗ್ತಿದ್ದೆ" ಎನ್ನುತ್ತಲೇ ಬಂದೆ. ಹತ್ತೊಂಬತ್ತು ವರ್ಷ!

ಗುನುಗುತ್ತಿರಲಿಲ್ಲ, ತಂಗಿ. "ಅಣ್ಣಾ, ಬಾಗಿಲು ತೆಗಿಯೋ, ನಂಗೆ ಹುಚ್ಚಿಲ್ಲ" ಎನ್ನುತ್ತಿದ್ದೆ. ಹೆತ್ತವಳ ಗುರುತು ಹತ್ತದಿದ್ದಾಗಲೂ ನನ್ನ ಗುರುತು ನಿನಗೆ ಹತ್ತಿತ್ತು. ನಾನು ಹೊರಗಿನ ಬೆಂಚಿನ ಮೇಲೆ ಕುಳಿತು, ಇದು ಕಾಯಿಲೆಯ ಮಾತು ಎಂದುಕೊಂಡೆ. ಅಷ್ಟು ಜನರಲ್ಲಿ ನಿಜ ಹೇಳುತ್ತಿದ್ದವಳು ನೀನೊಬ್ಬಳೇ.

ಸಭಿಕರೇ, ಇದನ್ನು ನಾನು ಬರೆದುಕೊಂಡು ಬಂದಿರಲಿಲ್ಲ. ಅವಳು ಎದ್ದಿದ್ದಾಳೆ. ಹೊರಗೆ ಹೊರಟಳೋ ಏನೋ, ಕನ್ನಡಕ ಮಬ್ಬಾಗಿದೆ. ಇಲ್ಲ... ಇತ್ತಲೇ ಬರುತ್ತಿದ್ದಾಳೆ. ಮೆಟ್ಟಿಲು ಎತ್ತರ, ದಯವಿಟ್ಟು ಯಾರಾದರೂ ಅವಳಿಗೆ ಕೈ ಕೊಡಿ. ಬೇಡ, ಇರಿ, ನಾನೇ ಇಳಿಯುತ್ತೇನೆ. ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಧನ್ಯವಾದ, ನಮಸ್ಕಾರ.