ತಿರುಗಿಸಿ ಹಾಕಿದ ಕೋಟು

ಬಾಗಿಲು ಹಾಕಿ ಕೂತ್ಕೊಳ್ಳಿ. ಇದು ನನ್ನ ಹೆಂಡತಿಯ ಚಿಕ್ಕಪ್ಪನ ಮಗ ಸೆಲ್ಬಿಗೆ ಆದದ್ದು. ಅವರಿವರು ಹೇಳಿದ್ದಲ್ಲ, ನಾನೂ ಅಲ್ಲಿದ್ದೆ.

ಬೇಸಿಗೆ ಬಂತು ಅಂದ್ರೆ ನಮ್ಮ ನ್ಯೂಫೌಂಡ್‌ಲ್ಯಾಂಡ್ ಕರಾವಳಿಗೆ ಪ್ರವಾಸಿಗಳು ಮುತ್ತಿಕೊಳ್ತಾರೆ. ತೇಲಿ ಬರೋ ಹಿಮಗಡ್ಡೆ ನೋಡಬೇಕು, ತಿಮಿಂಗಿಲ ನೋಡಬೇಕು. ನಾವು ಬೈಕೊಳ್ಳೋ ಗಾಳಿಗೂ ಮೈಯೊಡ್ಡಿ ನಗ್ತಾರೆ, ಪಾಪ. ಕಡಲಂಚಿನ ಬಂಡೆ ದಾರೀಲಿ ಅವರನ್ನ ನಡೆಸೋದು ಸೆಲ್ಬಿಯ ಕೆಲಸ. ಆ ಸಂಜೆ ಪುಟ್ಟ ಮಗಳು ಓರಿಯಲ್‌ನೂ ಕರ್ಕೊಂಡು ಹೋಗಿದ್ದ. ಪ್ರವಾಸಿಗಳನ್ನ ಕಳಿಸಿ ಮನೆಗೆ ಬರುವಾಗ ತಡವಾಯ್ತು. ಪಾಳುಬಿದ್ದ ಊರಿನ ಬಾವಿ ಹತ್ತಿರ ಮಂಜು ಇಳೀತು. ತಿರುಗಿ ನೋಡಿದ್ರೆ... ಮಗಳಿಲ್ಲ.

ಸುದ್ದಿ ತಿಳಿದು ಊರವರೆಲ್ಲ ಟಾರ್ಚು ಹಿಡ್ಕೊಂಡು ಓಡಿದೆವು. ಕಿತ್ತಳೆ ಬಣ್ಣದ ಕೋಟು ಹುಡುಕಿ ಅಂದ ಸೆಲ್ಬಿ. ಹುಡುಕಿದೆವು. ಕೂಗಿದೆವು. ಕೆಳಗೆ ಅಲೆ... ಧಡ್... ಸರ್ರ್... ಕಿತ್ತಳೆ ಎಲ್ಲೂ ಇಲ್ಲ.

ಸೆಲ್ಬಿ ನನ್ನ ತೋಳು ಹಿಡ್ಕೊಂಡ.

"ದಾರಿ ತಪ್ಪಿದ್ರೆ ಕೋಟು ತಿರುಗಿಸಿ ಹಾಕ್ಕೋ ಅಂತ ನಾನೇ ಹೇಳ್ಕೊಟ್ಟಿದ್ದೆ ಕಣೋ," ಅಂತ ಪಿಸುಗುಟ್ಟಿದ. "ಯಾರು ಕರೆದ್ರೂ ಓ ಅನ್ಬೇಡ ಅಂತಲೂ..."

ನಮ್ಮಲ್ಲಿ ಎಲ್ಲ ಮಕ್ಕಳಿಗೂ ಹೇಳ್ಕೊಡ್ತಾರೆ. ಮಂಜಲ್ಲಿ ದಾರಿ ತಪ್ಪಿಸೋರು 'ಅವರು'. ಹೆಸರು ಹೇಳೋ ಹಾಗಿಲ್ಲ. ಕೋಟಿನ ಒಳಮೈ ಹೊರಗೆ ಮಾಡಿದ್ರೆ ಅವರಿಗೆ ಗುರುತು ಸಿಗಲ್ಲ. ಆ ಕೋಟಿನ ಒಳಮೈ ಬೂದು. ಬಂಡೆ ಬೂದು, ಮಂಜೂ ಬೂದು. ನಮಗೆ ತಾನೇ ಹೇಗೆ ಸಿಕ್ಕೀತು? ಎಷ್ಟು ಸಲ ಅವಳ ಪಕ್ಕದಲ್ಲೇ ಹಾದು ಹೋಗಿದ್ದೆವೋ...

ಸೆಲ್ಬಿ ಅಲ್ಲೇ ಕುಸಿದ. "ಅವಳನ್ನ ಕೊಟ್ಬಿಡಿ... ಬೇಕಿದ್ರೆ ನನ್ನ ಇಟ್ಕೊಳ್ಳಿ," ಅಂತ ಮಂಜಿಗೇ ಕೈ ಮುಗಿದ.

ಕಿರ್ರ್... ಟಕ್.

ಬಾವಿಯ ಸರಪಳಿ. ಆ ಬಾವಿಗೆ ಕಲ್ಲು ತುಂಬಿ ಮುಚ್ಚಿದ್ದು ನಮ್ಮಪ್ಪನ ಕಾಲದಲ್ಲಿ. ಆಮೇಲೆ ಒಂದು ಮುದುಕಿ ದನಿ, ತೀರಾ ಹತ್ತಿರ...

"ಕೂಗಬೇಡಪ್ಪಾ. ಮಗು ಮಲಗಿದೆ."

ದನಿ ಬಂದ ಕಡೆ ಸೆಲ್ಬಿ ತೆವಳಿಕೊಂಡು ಹೋದ. ಬಂಡೆಯ ತುತ್ತತುದೀಲಿ ಅವನ ಕೈಗೆ ಪುಟ್ಟ ಬೂಟು ಸಿಕ್ತು, ಬೂದು ಕೋಟಲ್ಲಿ ಮುದುಡಿ ಮಲಗಿದ್ದ ಓರಿಯಲ್‌ದು. ಉಸಿರಿತ್ತು... ದೇವರೇ, ಉಸಿರಿತ್ತು.

ಮನೆಗೆ ತಂದು ಒಲೆ ಮುಂದೆ ಕೂರಿಸಿದಾಗ ಅವಳ ತಾಯಿ ನೋಡಿದಳು. ಕೈಗವಸಿಲ್ಲದೆ ಹೋಗಿದ್ದ ಹುಡುಗಿ. ಎಡಗೈಗೆ ಹೊಸ ಉಣ್ಣೆ ಕೈಗವಸು. ಬಲಗೈಯದು ಅರ್ಧ ಮಾತ್ರ ಹೆಣೆದಿತ್ತು, ಹೆಣೆಯೋ ಕಡ್ಡಿಗಳು ಅದರಲ್ಲೇ ಇದ್ದವು. ಸುಳ್ಳು ಅನ್ಬೇಡಿ. ಈ ಕೈಯಿಂದಲೇ ಮುಟ್ಟಿ ನೋಡಿದೀನಿ... ಕಡ್ಡಿ ಇನ್ನೂ ಬೆಚ್ಚಗಿತ್ತು, ಹೆಣೀತಿದ್ದ ಕೈ ಈಗಷ್ಟೇ ಬಿಟ್ಟ ಹಾಗೆ.