ವಿಡಿಯೊದಲ್ಲಿ ನಕ್ಕವಳು

ಮೂರು ಬೀದಿಯಾಚೆ ಇರುವೆ ಸೀನಿದರೂ ದರ್ಜಿಯ ಕಿವಿಗೆ ಬೀಳುತ್ತಿತ್ತು. ಇನ್ನು ಪರದೆಗಳ ಅಳತೆಗೆಂದು ಬಂದು ಅವನು ಕಾಯುತ್ತಿದ್ದ ಮಕ್ಕಳ ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕದಲ್ಲೇ ಕೂತ ಅತ್ತಿಗೆ ನಾದಿನಿಯರ ಪಿಸುಮಾತು ತಪ್ಪೀತೇ? ಬಾಣಂತಿಯರ ಮನಸ್ಸಿಗೂ ಮಕ್ಕಳ ಬೆಳವಣಿಗೆಗೂ ಏನು ನಂಟೆಂದು ಸಂಶೋಧನೆ ಮಾಡುವ ಮೇಡಂ, ಅತ್ತಿಗೆ ಮಗುವನ್ನು ನಗುನಗುತ್ತ ಆಡಿಸುವುದನ್ನು ಆಗಷ್ಟೇ ವಿಡಿಯೊ ಮಾಡಿದ್ದರು. ಮಗು ಮಾತ್ರ ಆಸ್ಪತ್ರೆಯ ಸೂರು ಹಾರಿಹೋಗುವಂತೆ ಅತ್ತು, ಈಗ ಬಿಕ್ಕುತ್ತಿತ್ತು.

“ಅಷ್ಟು ಚೆನ್ನಾಗಿ ನಕ್ರಲ್ಲ ಅತ್ತಿಗೆ, ಇವನ್ಯಾಕೆ ಹೆದರಿಕೊಂಡ?”

“ನಕ್ಕಿದ್ದಕ್ಕೇ ಕಣೇ.”

“ತಮಾಷೆ ಸಾಕು.”

“ನಾನು ನಗೋದನ್ನ ಇವನು ಯಾವತ್ತು ನೋಡಿದಾನೆ? ಯಾರೋ ಬೇರೆಯವಳು ಅಂದ್ಕೊಂಡ.”

ದರ್ಜಿ ಅತ್ತ ಮುಖ ಮಾಡಿ, ಕಿವಿಯನ್ನು ಇತ್ತಲೇ ಬಿಟ್ಟ.

“ಹೆರಿಗೆ ಆದಾಗಿಂದ ಹೀಗೇನಾ?”

“ಹೂಂ. ಎದ್ದ ಕೂಡ್ಲೇ ಅಳು ಬರತ್ತೆ. ಇವನನ್ನ ಎತ್ಕೊಳ್ಳೋಕೂ ಭಯ.”

“ಅಣ್ಣಂಗೆ ಹೇಳಿದ್ರಾ?”

“ನಿದ್ದೆ ಸಾಲದು, ಮಲಕ್ಕೋ ಅಂದ್ರು.”

“ನಮ್ಮಣ್ಣನ ತಲೆ! ಏಳಿ, ಮೇಡಂಗೆ ಹೇಳಿ.”

“ವಿಡಿಯೊ ಚೆನ್ನಾಗಿ ಬಂತು ಅಂದ್ರಲ್ಲೇ, ಪಾಪ.”

“ಬಂದ್ರೆ ಬರಲಿ. ಮಗೂನ ನಾನು ಎತ್ಕೋತೀನಿ, ನಡೀರಿ.”

ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೇಡಂ ಕೋಣೆಯ ಬಾಗಿಲು ತಳ್ಳಿದಳು.

“ಮೇಡಂ, ಇನ್ನೊಂದ್ಸಲ ತೆಗೀತೀರಾ? ಈ ಸಲ ನಗಲ್ಲ.”

ಬಾಗಿಲು ಮುಚ್ಚಿತು.