ಗಿಣ್ಣು ಕಾಣದ ಕರುಗಳು

"ಹಲೋ... ಯಾರು ಮಾತಾಡ್ತಿರೋದು? ಆರ್ಡಿಸ್ ಅಲ್ವಾ?"

...

"ದನಿ ಗುರುತೇ ಸಿಗಲಿಲ್ಲ, ಅದಕ್ಕೆ ಕೇಳ್ದೆ. ನಾನು ಡೆಲ್ಮರ್. ಡೆಲ್ಮರ್ ಹಾಗಿ. ನೆಗಡಿನಾ?"

...

"ಓ... ರಾತ್ರಿಯೆಲ್ಲ ಕೊಟ್ಟಿಗೇಲೇ ಇದ್ರಾ."

ಡೆಲ್ಮರ್ ಹಾಲುಕೋಣೆಯ ಗೋಡೆಗೆ ಆನಿಕೊಂಡು ನಿಂತಿದ್ದ. ಬೆಳಗಿನ ಹಾಲು ಕರೆದು ಮುಗಿದಿತ್ತು. ಈ ಫೋನು ಮಾಡಬೇಕೆಂದು ಅವನು ಸೋಮವಾರದಿಂದ ಮೂರು ಸಲ ನಂಬರು ಒತ್ತಿ, ಮೂರು ಸಲವೂ ಅತ್ತ ಗಂಟೆ ಬಾರಿಸುವ ಮುಂಚೆಯೇ ಇಟ್ಟುಬಿಟ್ಟಿದ್ದ. ಆರ್ಡಿಸ್ ಟ್ವೆಟನ್ ನಾಲ್ಕು ಮೈಲಿ ಆಚೆಯವಳು, ಅವನಿಗಿಂತ ಹತ್ತು ವರ್ಷ ದೊಡ್ಡವಳು. ವಿಸ್ಕಾನ್ಸಿನ್ನಿನ ಆ ಭಾಗದಲ್ಲಿ ಕಪ್ಪುಬಿಳುಪಿನ ಹೋಲ್‌ಸ್ಟೀನ್ ತಳಿಯ ಹಸು ಗಂಡುಕರು ಹಾಕಿತೆಂದರೆ ಯಾರಿಗೂ ಬೇಡದ ಕಾಲ. ಅಂಥ ಕರುಗಳನ್ನು ಡೆಲ್ಮರನಿಂದ ಕೊಂಡು, ಒಂದೂವರೆ ವರ್ಷ ಮೇಯಿಸಿ, ಮಾಂಸದ ಕಾರ್ಖಾನೆಗೆ ಕಳಿಸುವುದು ಅವಳ ಬದುಕು.

"ಇನ್ನೊಂದು ಕರು ಹೋಯ್ತಾ? ಯಾವುದು?"

...

"ಕಿವಿ ಜೋಲುಬಿದ್ದಿದ್ದು. ಹಾಂ... ಡಾಕ್ಟ್ರು ಏನಂದ್ರು?"

...

"ಮೊದಲು ಭೇದಿ, ಆಮೇಲೆ ಶ್ವಾಸಕೋಶ. ಎಲ್ಲಾದಕ್ಕೂ ಹಂಗೇ ಆಗ್ತಿದೆ ಅಲ್ವಾ... ಅಲ್ಲಿಗೆ ಏಳು."

ಹದಿನೆಂಟರಲ್ಲಿ ಏಳು. ಡೆಲ್ಮರ್ ಕಣ್ಣು ಮುಚ್ಚಿಕೊಂಡ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳು ಕಾರ್ಖಾನೆಯ ವಿಷಯ ತೆಗೆದಳು. ಅವನು ಬದುಕಿದೆಯಾ ಬಡಜೀವವೇ ಎಂದು ಆ ಮಾತಿನ ಹಿಂದೆ ಹೋದ.

"ಅವರು ಯಾವತ್ತೂ ಹಂಗೇ ಗೊಣಗೋದು. ಕಾಲು ಉದ್ದ, ಬೆನ್ನು ಸಪೂರ, ಮೂಳೆ ಜಾಸ್ತಿ... ಹಾಲಿನ ತಳಿ ಅಂದ್ಮೇಲೆ ಇನ್ನೇನು ಇರುತ್ತೆ?"

...

"ಹೌದೌದು, ಇನ್ನೆರಡು ಕಾರ್ಖಾನೆಯವರು ಕಪ್ಪುಬಿಳುಪಿನ ದನ ಕೊಳ್ಳೋದನ್ನೇ ನಿಲ್ಲಿಸಿದಾರೆ. ಇದೊಂದೇ ಬಾಗಿಲು ಉಳಿದಿರೋದು... ಕರಾರು ಕಾಗದದಲ್ಲಿ ಎಷ್ಟು ದನ ಅಂತ ಬರೆದುಕೊಟ್ಟಿದೀರಿ? ಹದಿನೈದಾ?"

...

"ಹನ್ನೊಂದೇ ದನಕ್ಕೆ ಲಾರಿ ಕಳಿಸಲ್ಲ ಅಂತಾರಾ... ಅಯ್ಯೋ ದೇವರೇ."

...

"ಏನು? ಕಾಯಿಲೆಗೆ ಕಾರಣ ಸಿಕ್ತಾ? ಏನು ಕಾರಣ?"

...

"ನೆಮೇಸಿಯೊನಾ?"

ಗೋಡೆಗೆ ಆನಿಕೊಂಡಿದ್ದವನು ನೆಟ್ಟಗೆ ನಿಂತ. ನೆಮೇಸಿಯೊ ಅವಳ ಕೊಟ್ಟಿಗೆಯ ಆಳು, ದಕ್ಷಿಣದ ಗಡಿಯಾಚೆಯ ವೆರಾಕ್ರೂಸ್ ಕಡೆಯವನು. ಆರು ವರ್ಷದಿಂದ ಅವಳ ಕರುಗಳಿಗೆ ಬಾಟಲಿ ಹಿಡಿಯುತ್ತಿದ್ದವನು ಅವನೇ.

"ಹಾಲಿನ ಪುಡಿ ತಣ್ಣೀರಲ್ಲಿ ಕಲಸ್ತಿದ್ದ ಅಂತ ಯಾರು ಹೇಳಿದ್ರು? ನೀವು ನೋಡಿದ್ರಾ?"

...

"ನೋಡಿಲ್ಲ. ಮತ್ತೆ?"

...

"'ಬೇರೆ ಏನಿರುತ್ತೆ' ಅಂದ್ರೆ... ಅಷ್ಟಕ್ಕೇ ಕೆಲಸದಿಂದ ತೆಗೆದುಬಿಟ್ರಾ? ಯಾವಾಗ?"

...

"ನಿನ್ನೆ ಸಂಜೆ. ಈಗೆಲ್ಲಿದಾನೆ?"

...

"ಅಂಗಳದಲ್ಲೇ ಸಾಮಾನು ತುಂಬ್ತಿದಾನಾ... ಆರ್ಡಿಸ್, ಅವನನ್ನ ಹೋಗಗೊಡಬೇಡಿ. ಒಂದು ನಿಮಿಷ. ನಾನು ಹೇಳೋದು ಕೇಳಿ."

...

"ಇಲ್ಲ ಇಲ್ಲ, ನನ್ನ ಕರು ಬಗ್ಗೆ ಒಳ್ಳೇ ಮಾತಾಡಬೇಡಿ. ದಯವಿಟ್ಟು. ಮೊದಲನೇದು ಸತ್ತ ದಿನ ನೀವು ಒಂದು ಮಾತು ಕೇಳಿದ್ರಿ, ನೆನಪಿದೆಯಾ? 'ಡೆಲ್ಮರ್, ಗಿಣ್ಣು ಕುಡಿಸಿದ್ದೆ ಅಲ್ವಾ' ಅಂತ."

...

"ಹಾಂ. ಎರಡೆರಡು ಬಾಟಲಿ ಅಂದಿದ್ದೆ. ಹುಟ್ಟಿದ ಎರಡು ಗಂಟೇಲಿ ಅಂದಿದ್ದೆ."

...

"ಕೊಟ್ಟಿರಲಿಲ್ಲ."

ಹುಟ್ಟಿದ ದಿನ ಗಿಣ್ಣು ಕುಡಿಯದ ಕರುವಿಗೆ ರೋಗ ತಡೆಯುವ ಶಕ್ತಿಯೇ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಫೋನಿನ ಆ ಕಡೆ ಒಂದು ಕರು ಕೆಮ್ಮಿದ್ದು ಕೇಳಿಸಿತು. ಮನುಷ್ಯರು ಕೆಮ್ಮಿದ ಹಾಗೆಯೇ ಇತ್ತು.

"ಆರ್ಡಿಸ್? ಇದೀರಾ?"

...

"ಎಲ್ಲಾ ಹದಿನೆಂಟಕ್ಕೂ. ಒಂದಕ್ಕೂ ಕೊಡಲಿಲ್ಲ... ಹೆಣ್ಣುಗರುಗಳಿಗೆ ಕೊಟ್ಟೆ. ಅವು ನಮ್ಮಲ್ಲೇ ಉಳಿಯೋವು."

...

"ಮಾರಿಕೊಳ್ಳೋಕೆ ಇಲ್ಲಿ ಗಿಣ್ಣು ಯಾರು ತಗೋತಾರೆ. ಟ್ಯಾಂಕಿಗೂ ಹಾಕೋ ಹಂಗಿಲ್ಲ. ಚರಂಡಿಗೆ ಬಿಟ್ಟೆ."

...

"ಯಾಕೆ ಅಂದ್ರೆ... ಸೋಮಾರಿತನ ಆರ್ಡಿಸ್, ಇನ್ನೇನು ಹೇಳ್ಲಿ? ಕರೀಬೇಕು, ಬೆಚ್ಚಗೆ ಮಾಡಬೇಕು, ಕುಡಿಯೋಕೆ ಬರದ ಕರುವಿನ ಬಾಯಿಗೆ ಅರ್ಧ ಗಂಟೆ ಹಿಡಿದು ಕೂರಬೇಕು. ಹರಾಜಲ್ಲಿ ಗಂಡುಕರುವನ್ನ ಒಂದು ಮೊಲಕ್ಕಿಂತ ಕಡಿಮೆಗೆ ಕೂಗಿದ್ರು. ಇದಕ್ಕೆ ಅರ್ಧ ಗಂಟೆ ಯಾಕೆ ಅನ್ನಿಸಿತು. ಹೆಂಗೂ ನಾಳಿದ್ದು ನಿಮ್ಮ ಗಾಡಿ ಹತ್ತುತ್ತೆ, ಆಮೇಲೆ ನನ್ನ ಕಣ್ಮುಂದೆ ಇರಲ್ಲ ಅಂತ..."

...

"ಹೌದು. ನಿಮ್ಮ ಕಣ್ಮುಂದೆ ಇರುತ್ತೆ."

...

"ಇಲ್ಲ, ಡಾಕ್ಟ್ರಿಗೆ ಹೆದರಿ ಹೇಳ್ತಿಲ್ಲ. ಅವರನ್ನ ಕೇಳಿದೆ. ಗಿಣ್ಣು ಕುಡಿದಿದೆಯೋ ಇಲ್ವೋ ಅಂತ ರಕ್ತ ನೋಡಿ ತಿಳ್ಕೊಳ್ಳೋದು ಮೊದಲನೇ ವಾರದಲ್ಲಿ ಮಾತ್ರವಂತೆ. ಈಗ ಯಾರು ಏನು ಮಾಡಿದ್ರೂ ಗೊತ್ತಾಗಲ್ಲ. ಅದನ್ನ ಕೇಳಿ ಮನೆಗೆ ಬಂದೆ, ನೆಮ್ಮದಿ ಆಗುತ್ತೆ ಅಂದ್ಕೊಂಡಿದ್ದೆ. ಆಗಲಿಲ್ಲ."

...

"ಬೇರೆ ಕರು ಕೊಡ್ತೀನಿ. ಏಳಕ್ಕೆ ಏಳು, ನಾನೇ ಕುಡಿಸಿ, ನಾನೇ ತಂದು..."

...

"ಸರಿ. ಬೇಡ. ಇನ್ನು ಯಾವತ್ತೂ ಬೇಡ. ಅರ್ಥ ಆಯ್ತು."

...

"ನೆಮೇಸಿಯೊಗೆ ನಾನು ಹೇಳಬೇಕಾ? ನೀವೇ ಹೇಳಬಹುದಲ್ವಾ, ನಾನು..."

...

"ಇಲ್ಲ. ಸರಿ. ನಾನೇ ಹೇಳ್ತೀನಿ. ಕೊಡಿ."

ಬೂಟುಗಳು ಜಲ್ಲಿಯ ಮೇಲೆ ನಡೆದ ಸದ್ದು. ಗಾಳಿ. ಆರ್ಡಿಸ್ ಯಾರನ್ನೋ ಕೂಗಿದಳು. ಆಮೇಲೆ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಏನೋ ಹೇಳಿದಳು. ಡೆಲ್ಮರನಿಗೆ ಒಂದು ಪದವೂ ತಿಳಿಯಲಿಲ್ಲ. ಫೋನು ಇಟ್ಟುಬಿಡಲೇ ಎಂದು ಒಮ್ಮೆ ಅನ್ನಿಸಿತು. ಹಿಡಿದೇ ನಿಂತ.

"ಹಲೋ... ನೆಮೇಸಿಯೊ? ನಾನು ಡೆಲ್ಮರ್."

...

"ಅವರು ಹೇಳಿದ್ರಾ. ಆದ್ರೂ ನನ್ನ ಬಾಯಿಂದ ಕೇಳು. ತಪ್ಪು ನಂದು. ಕರುಗಳು ಇಲ್ಲಿಂದಾನೇ ಗಿಣ್ಣು ಕುಡೀದೆ ಬಂದಿದ್ದು. ನೀನು ಎಷ್ಟು ಬೆಚ್ಚಗೆ ಕಲಸಿದ್ರೂ ಅವು ಉಳೀತಿರಲಿಲ್ಲ."

...

"ಗೊತ್ತಿತ್ತಾ? ನಿನಗೆ... ನಿಮಗೆ ಹೆಂಗೆ ಗೊತ್ತಾಯ್ತು?"

...

"ಒಂದೇ ಕೊಟ್ಟಿಗೆಯಿಂದ ಬಂದಿದ್ದಕ್ಕೆಲ್ಲ ಒಂದೇ ಥರ ಕಾಯಿಲೆ ಹಿಡೀತು. ಬಾಟಲಿ ಮೊದಲನೇ ಸಲ ನೋಡಿದ ಹಂಗೆ ಮುಖ ತಿರುಗಿಸಿದ್ವು. ಹಾಂ... ಅವರಿಗೆ ಹೇಳಲಿಲ್ವಾ?"

...

"ಹೇಳಿದ್ರಿ. ಮೂವತ್ತು ವರ್ಷದಿಂದ ನೆರೆಯವನು, ಡೆಲ್ಮರ್ ಸುಳ್ಳು ಹೇಳಲ್ಲ ಅಂದ್ರಾ."

ಡೆಲ್ಮರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ, ಎದುರಿಗೇ ಯಾರೋ ನಿಂತಿರುವ ಹಾಗೆ.

"ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ ನನಗೆ... ಅದೇನು ಸದ್ದು?"

...

"ಆರ್ಡಿಸ್ಸೇ ನಿಮ್ಮ ಪೆಟ್ಟಿಗೆ ಗಾಡಿಯಿಂದ ಇಳಿಸ್ತಿದಾರಾ? ಹೋಗಿ ಹಿಡೀರಿ ಮತ್ತೆ, ಅವರ ಸೊಂಟ ಸರಿ ಇಲ್ಲ."

...

"ಇಳಿಸಲಿ ಅಂತೀರಾ. ಹಾಂ... ಅದೂ ಸರಿನೇ."

...

"ಇವತ್ತಾ? ಇವತ್ತು ಒಂದು ಹಸು ಈದಿದೆ. ಗಂಡುಕರು."

...

"ಗಿಣ್ಣಾ? ಇಲ್ಲ."

ಆ 'ಇಲ್ಲ' ಬಾಯಿಂದ ಬಿದ್ದ ಮೇಲೆಯೇ ಅವನಿಗೆ ಅದು ಕೇಳಿಸಿತು. ಬೆಳಗಿನಿಂದ ತನ್ನ ತಪ್ಪನ್ನು ಹೇಗೆ ಹೇಳುವುದೆಂದು ಯೋಚಿಸುತ್ತ ಅವನು ಆ ಕರುವಿನ ಪಕ್ಕದಲ್ಲೇ ಎರಡು ಸಲ ಹಾದುಹೋಗಿದ್ದ.

"ಐದೂವರೆಗೆ ಹುಟ್ಟಿದ್ದು. ಈಗ ಒಂಬತ್ತೂಕಾಲು... ಹಾಂ, ಗೊತ್ತು, ಹೊತ್ತಾದಷ್ಟೂ ಮೈಗೆ ಹತ್ತಲ್ಲ. ಇನ್ನೂ ಹೊತ್ತಿದೆ ಅಂತೀರಾ?"

...

"ಆದ್ರೆ ಆರ್ಡಿಸ್ ತಗೊಳ್ಳಲ್ಲ ಅಂದ್ರಲ್ಲ. ಇದನ್ನ ಯಾರು..."

...

"ಸರಿ. ಯಾರು ಕೊಳ್ತಾರೆ ಅನ್ನೋದು ಆಮೇಲೆ. ಮೊದಲು ಕುಡಿಸ್ತೀನಿ. ಗಿಣ್ಣು ಬಕೆಟ್ಟಲ್ಲೇ ಇದೆ, ಇನ್ನೂ ಚೆಲ್ಲಿಲ್ಲ."

...

"ಎರಡು ಬಾಟಲಿ ಪೂರ್ತಿ. ಹಾಂ. ಕುಡಿಯೋಕೆ ಬರದಿದ್ರೆ?"

...

"ಬೆರಳು ಚೀಪಿಸಿ, ಆಮೇಲೆ ಬಾಟಲಿಯ ತೊಟ್ಟು ಹಿಡಿಸಬೇಕು. ಅವಸರ ಮಾಡಬಾರದು... ಫೋನು ಇಟ್ಟು ಹೋಗ್ಲಾ? ನೆಮೇಸಿಯೊ? ಹಲೋ?"

ಅತ್ತಲಿಂದ ಫೋನು ಆಗಲೇ ಕಟ್ಟಾಗಿತ್ತು.